ಅಜ್ಜನ ವಾಟೆ ಕೊಳವೆ

ಮೂವತ್ತೈದು ವರ್ಷ ಶಿವಾಜಿನಗರದಿಂದ ಚಿಂಚವಾಡಕ್ಕೆ ಲೋಕಲ್ ಟ್ರೇನಿನಲ್ಲಿ ಓಡಾಡಿದವನು ನಾನು. ಮಧ್ಯೆ ಖಡಕಿ ಸ್ಟೇಷನ್ ಬರುತ್ತದೆ. ಅಲ್ಲಿ ಇಳಿಯುವವರಲ್ಲಿ ಅರ್ಧ ಜನ ಮದ್ದುಗುಂಡಿನ ಕಾರ್ಖಾನೆಯವರು. 1869ರಲ್ಲಿ ಬ್ರಿಟಿಷರು ಶುರುಮಾಡಿದ್ದು ಅದು. ಈಗ ಮ್ಯುನಿಷನ್ಸ್ ಇಂಡಿಯಾ ಅನ್ನೋ ಹೆಸರಿನ ಕಂಪೆನಿಯ ಕೆಳಗಿದೆ. ದಿನಾ ಆ ಗೋಡೆ ನೋಡುವಾಗ ನನಗೆ ಹೊಸನಗರದ ಕಡೆಯ ನಮ್ಮ ಊರು, ಊರಿನ ಗದ್ದೆ ಬದಿಯ ಮಾಳ, ಮಾಳದಲ್ಲಿ ಕೂತ ಚಿಕ್ಕಜ್ಜ ನೆನಪಾಗುತ್ತಿದ್ದರು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದದ ಕಥೆ, ಒಂದು ಲೋಟ ಕಾಫಿ ಇಟ್ಟುಕೊಂಡು ಓದಿ.

ನಮ್ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಲೈಸೆನ್ಸ್ ಅಜ್ಜನ ಹೆಸರಲ್ಲಿ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಇದಕ್ಕೆ ತೋಟೆ ಹಾಕುವಂತಿಲ್ಲ. ನಳಿಗೆಯ ಬಾಯಿಂದ ಕಪ್ಪು ಮದ್ದು ಸುರಿದು, ತೆಂಗಿನ ಕತ್ತ ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕಿ, ಮತ್ತೆ ಕತ್ತ ಜಡಿದು, ಹಿಂದೆ ಕೇಪು ಇಟ್ಟರೆ ಈಡು ಸಿದ್ಧ. ಬೇಟೆಯ ಶೋಕಿಗೆ ಇಟ್ಟುಕೊಂಡಿದ್ದಲ್ಲ. ಭತ್ತ ಹಾಲು ತುಂಬುವ ಹೊತ್ತಿಗೆ ಹಂದಿಗಳ ಹಿಂಡು ಬಂದರೆ ಒಂದು ರಾತ್ರಿಯಲ್ಲಿ ವರ್ಷದ ಅನ್ನ ಹೋಗುತ್ತಿತ್ತು.

ಮದ್ದು ಅಳೆಯೋಕೆ ಅಜ್ಜನ ಹತ್ತಿರ ಒಂದು ವಾಟೆ ಕೊಳವೆ ಇತ್ತು. ಕಿರುಬೆರಳಿನಷ್ಟು ದಪ್ಪ, ಕೆಳಗಡೆ ಗಂಟೇ ತಳ. ಅದರಲ್ಲಿ ಮದ್ದು ತುಂಬುವುದಕ್ಕೂ ಅಜ್ಜನದೇ ಕಾನೂನು. ಕೊಳವೆಯನ್ನು ಮದ್ದಿನೊಳಗೆ ಅದ್ದಿ ಬಗೆಯಬಾರದು, ಮೇಲಿಂದ ಸುರಿಯಬೇಕು. ಉಗುರಿನಿಂದ ಮೂರು ಸಲ ತಟ್ಟಬೇಕು, ನಾಲ್ಕನೆಯದು ಬೇಡ. ಬೆರಳಿನಿಂದ ಬಾಯಿ ಸವರಿ ಮಟ್ಟ ಮಾಡಬೇಕು. ನಮಗೆ ಮಕ್ಕಳಿಗೆ ಇದು ಪೂಜೆಯ ಮಡಿಯ ಹಾಗೆ ಕಾಣುತ್ತಿತ್ತು.

1968ರ ಕಾರ್ತಿಕದಲ್ಲಿ ಅಜ್ಜನಿಗೆ ಜ್ವರ. ಮಾಳ ಕಾಯೋಕೆ ಅಜ್ಜನ ತಮ್ಮ, ಅಂದರೆ ನಮ್ಮ ಚಿಕ್ಕಜ್ಜ ಹೋದರು. ನನಗೆ ಹದಿಮೂರು ವರ್ಷ, ಹಟ ಮಾಡಿ ನಾನೂ ಹೋದೆ. ಮನೆಯ ಮದ್ದು ಮುಗಿದಿತ್ತು. ಪಕ್ಕದ ಎಸ್ಟೇಟಿನ ರೈಟರು ಮಳೆಗಾಲದಲ್ಲಿ ಜೌಗು ಹಿಡಿದು ಉಬ್ಬಿಹೋದ ನಾಲ್ಕೈದು ರಟ್ಟಿನ ತೋಟೆ ಕೊಟ್ಟಿದ್ದರು. ಉಬ್ಬಿದ ತೋಟೆ ಕೋವಿಯೊಳಗೆ ಹೋಗುವುದಿಲ್ಲ, ಅವರಿಗೆ ಅದು ಕಸ. ಚಿಕ್ಕಜ್ಜ ಲಾಟೀನಿನ ಬೆಳಕಲ್ಲಿ ಒಂದು ತೋಟೆ ಸೀಳಿ ಮದ್ದನ್ನು ಕೊಳವೆಗೆ ಸುರಿದರು. ತುಂಬಲಿಲ್ಲ. ಇನ್ನೊಂದು ಸೀಳಿದರು. ಮೂರು ಸಲ ತಟ್ಟಿದರು. ಬೆರಳಿನಿಂದ ಸವರಿದರು. ನಾನು ಕಣ್ಣಾರೆ ನೋಡಿದ್ದೇನೆ.

ಹಂದಿ ಬಂತು. ಈಡು ಹೊಡೆದರು. ಕೇಳಿ ಅಭ್ಯಾಸವಿದ್ದ 'ಢಂ' ಅಲ್ಲ ಅದು, ಬಿದಿರು ಸೀಳಿದ ಹಾಗೆ ಚುರುಕು ಸದ್ದು. ನಳಿಗೆ ಬುಡದಲ್ಲಿ ಬಾಳೆಯ ಸಿಪ್ಪೆಯ ಹಾಗೆ ಬಿರಿದಿತ್ತು. ಚಿಕ್ಕಜ್ಜನ ಎಡಗೈಯ ಮೂರು ಬೆರಳು ಹೋದವು. ಕಂಬಳಿ ಸುತ್ತಿ, ರಾತ್ರಿಯೇ ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು.

ಆದರೆ ಮಾತು ಉಳಿಯಲಿಲ್ಲ. "ಕೊಳವೆ ಬಿಟ್ಟು ಕಣ್ಣಂದಾಜಲ್ಲಿ ಸುರಿದಿದ್ದಾನೆ, ಅವಸರಗೇಡಿ" ಅಂತ ಅಜ್ಜ ಅಂದರು. ಊರೂ ಅದನ್ನೇ ಅಂದಿತು. "ಅಣ್ಣಯ್ಯ, ಕೊಳವೇಲೇ ಹಾಕಿದ್ದು, ಸುಳ್ಳು ಹೇಳಲ್ಲ" ಅಂತ ಚಿಕ್ಕಜ್ಜ ಎಷ್ಟು ಸಲ ಹೇಳಿದರೋ. ನಾನೂ ಹೇಳಿದೆ. ಹುಡುಗನ ಮಾತು ಯಾರು ಕೇಳುತ್ತಾರೆ? "ಸರಿಯಾಗಿ ಅಳೆದಿದ್ದರೆ ಕೋವಿ ಯಾಕೆ ಸಿಡಿಯುತ್ತೆ?" ಅನ್ನೋ ಪ್ರಶ್ನೆಗೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಎರಡು ವರ್ಷದಲ್ಲಿ ಮನೆ ಪಾಲಾಯಿತು. ಅಣ್ಣ ತಮ್ಮ ಕೊನೆಯವರೆಗೂ ಸರಿಯಾಗಿ ಮಾತಾಡಲಿಲ್ಲ. ಚಿಕ್ಕಜ್ಜ 1991ರಲ್ಲಿ ತೀರಿಕೊಂಡರು.

ನಾನು 1977ರಲ್ಲಿ ಪುಣೆಗೆ ಬಂದೆ. ಸಿಕ್ಕ ಕೆಲಸವೂ ನೋಡಿ, ತೂಕದ ಯಂತ್ರಗಳ ರಿಪೇರಿ! ಜೀವನವೆಲ್ಲ ತಕ್ಕಡಿ, ಬೊಟ್ಟು, ಗ್ರಾಮು, ಮಿಲಿಗ್ರಾಮು. ಆದರೂ ಆ ರಾತ್ರಿಯ ಲೆಕ್ಕ ಸರಿಹೋಗಲಿಲ್ಲ, 2016ರವರೆಗೆ.

ಆ ವರ್ಷ ಮಗಳ ಮನೆಗೆಂದು ಟೆಕ್ಸಾಸಿಗೆ ಹೋಗಿದ್ದೆವು. ಪಕ್ಕದ ಮನೆಯಲ್ಲಿ ರಿಟೈರಾದ ಒಬ್ಬ ಯಜಮಾನರು. ಸಂಜೆ ಹೊತ್ತು ಗ್ಯಾರೇಜಿನ ಬಾಗಿಲು ತೆಗೆದುಕೊಂಡು ಏನೋ ಕೆಲಸ ಮಾಡುತ್ತಿರುತ್ತಿದ್ದರು. ಹೋಗಿ ನೋಡಿದರೆ ಮೇಜಿನ ಮೇಲೆ ಸಣ್ಣ ತಕ್ಕಡಿ. ನನಗೆ ತವರು ಮನೆ ಕಂಡಂತಾಯಿತು! ಅವರು ಮಾಡುತ್ತಿದ್ದುದು ಹಾರಿಸಿದ ಹಿತ್ತಾಳೆ ತೋಟೆಗಳಿಗೆ ಮತ್ತೆ ಕೇಪು, ಮದ್ದು, ಗುಂಡು ತುಂಬುವ ಕೆಲಸ. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ 1959ರ ಆಯುಧ ಕಾಯ್ದೆಯಡಿ ಅಪರಾಧ. ಅಲ್ಲಿ ಅದು ಮೀನು ಹಿಡಿಯುವ ಹಾಗೆ ಒಂದು ಹವ್ಯಾಸ.

ಅವರ ತಲೆನೋವೆಲ್ಲ ಒಂದೇ: ಪ್ರತಿ ತೋಟೆಗೂ ಅಷ್ಟೇ ಮದ್ದು ಬೀಳಬೇಕು. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಆದರೆ ಗುಂಡಿನ ವೇಗ ಬದಲಾಗುತ್ತದೆ, ಗುರಿಹಲಗೆಯ ಮೇಲೆ ತೂತುಗಳು ಚೆದುರುತ್ತವೆ. ಎರಡು ಸಲ ಬಿದ್ದರೆ ಕೋವಿಗೂ ಕೈಗೂ ಅಪಾಯ. ಅಳೆಯುವ ಪೆಟ್ಟಿಗೆ ನಮ್ಮ ಹಿಟ್ಟಿನ ಗಿರಣಿಯ ಹಾಗೆ. ಮೇಲೆ ಮದ್ದು ತುಂಬುವ ಬಾಯಿ, ಕೆಳಗೆ ತಿರುಗುವ ಉರುಳೆ, ಉರುಳೆಯಲ್ಲೊಂದು ಗುಳಿ. ಹಿಡಿ ಮೇಲೆತ್ತಿದರೆ ಗುಳಿ ತುಂಬುತ್ತದೆ, ಇಳಿಸಿದರೆ ತೋಟೆಯೊಳಗೆ ಸುರಿಯುತ್ತದೆ.

ಅದಕ್ಕೂ ಮಡಿ ಇದೆ! ಹಿಡಿಯನ್ನು ಪ್ರತಿಸಲವೂ ಒಂದೇ ವೇಗದಲ್ಲಿ ಎತ್ತಬೇಕು, ಒಂದೇ ಬಲದಲ್ಲಿ ತಟ್ಟಬೇಕು. ಮೇಲಿನ ಮದ್ದು ಇಳಿದ ಹಾಗೆ ಭಾರ ಕಡಿಮೆಯಾಗಿ ಗುಳಿಯೊಳಗೆ ಸಡಿಲವಾಗಿ ಕೂರುತ್ತದೆ, ಹಾಗಾಗಿ ಮಟ್ಟ ಇಳಿಯಲು ಬಿಡಬಾರದು. ಮೊದಲ ಐದಾರು ಅಳತೆ ಲೆಕ್ಕಕ್ಕಿಲ್ಲ, ಮದ್ದು ನೆಲೆಗೊಳ್ಳಲಿ ಅಂತ ವಾಪಸ್ಸು ಸುರಿಯಬೇಕು. ಗೋಲಿಯಂಥ ಕಾಳಾದರೆ ನೀರಿನಂತೆ ಇಳಿದು ಚೆನ್ನಾಗಿ ಅಳೆಯಲು ಬರುತ್ತದೆ. ಕಡ್ಡಿಯ ತುಂಡಿನಂತಿದ್ದರೆ ಉರುಳೆಯ ಅಂಚಿಗೆ ಸಿಕ್ಕಿ ಕಟಕಟ ಕತ್ತರಿಸುತ್ತದೆ, ಅಳತೆ ಹೆಚ್ಚುಕಮ್ಮಿ. ಆಗ ಸ್ವಲ್ಪ ಕಡಿಮೆ ಸುರಿದು, ತಕ್ಕಡಿಯ ಮೇಲಿಟ್ಟು, ಚಿಟಿಕೆ ಚಿಟಿಕೆಯಾಗಿ ಉದುರಿಸಿ ಸರಿಮಾಡಬೇಕು.

ತಕ್ಕಡಿಯ ವಿಷಯಕ್ಕೆ ನಾನು ಬಾಯಿ ಹಾಕಿದೆ. ಅವರ ಎಲೆಕ್ಟ್ರಾನಿಕ್ ತಕ್ಕಡಿ ಒಂದೊಂದು ಸಲ ಒಂದೊಂದು ಹೇಳುತ್ತಿತ್ತು. ಮೇಲೆ ಫ್ಯಾನು ತಿರುಗುತ್ತಿತ್ತು, ನಿಲ್ಲಿಸಿದೆ. ಹಚ್ಚಿದ ತಕ್ಷಣ ತೂಗಬೇಡಿ, ಅರ್ಧ ಗಂಟೆ ಬಿಸಿಯಾಗಲಿ ಅಂದೆ. ಗೊತ್ತಿರುವ ಬೊಟ್ಟು ಇಟ್ಟು ಆಗಾಗ ಪರೀಕ್ಷೆ ಮಾಡಿ ಅಂದೆ. ಅಂದಿನಿಂದ ನಾವು ದೋಸ್ತಿಗಳು. ಕೊನೆಗೆ ಐವತ್ತು ತೋಟೆಗಳನ್ನು ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಟಾರ್ಚು ಬಿಟ್ಟು ಒಂದೊಂದರ ಒಳಗೂ ಇಣುಕುತ್ತಿದ್ದರು. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿದೆಯೇ ಅಂತ. ಯಂತ್ರ ಎಷ್ಟೇ ಇದ್ದರೂ ಕಣ್ಣು ಬೇಕೇಬೇಕು ಅಂತ ಅವರ ಮಾತು.

ಅವರು ತೂಗುತ್ತಿದ್ದುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಮ್, ಮೂಲದಲ್ಲಿ ಒಂದು ಬಾರ್ಲಿ ಕಾಳಿನ ತೂಕ. ನಮ್ಮ ಅಕ್ಕಸಾಲಿಗರ ಗುಲಗಂಜಿ ನೆನಪಾಯಿತು. ಬ್ರಿಟಿಷರು ತೊಲವನ್ನು 180 ಗ್ರೇನ್ ಅಂತ ಗೊತ್ತುಮಾಡಿದ್ದರು, ತೊಲಕ್ಕೆ 96 ಗುಲಗಂಜಿ. ಅಂದರೆ ಒಂದು ಗುಲಗಂಜಿಗೆ ಹತ್ತಿರ ಹತ್ತಿರ ಎರಡು ಗ್ರೇನ್. ಈ ಹವ್ಯಾಸಿಗಳು ಗುಲಗಂಜಿಯ ಇಪ್ಪತ್ತನೇ ಒಂದು ಭಾಗಕ್ಕೆ ಗುದ್ದಾಡುತ್ತಾರೆ!

ಒಂದು ದಿನ ಅವರ ಮೇಜಿನ ಮೇಲಿದ್ದ ಹಳದಿ ಪ್ಲಾಸ್ಟಿಕ್ ಚಮಚ ಎತ್ತಿಕೊಂಡು, "ನಮ್ಮಜ್ಜನ ಹತ್ತಿರ ಇಂಥದೇ ಬಿದಿರಿನದು ಇತ್ತು" ಅಂದೆ. ಅವರು ನಗಲಿಲ್ಲ. "ಆ ಚಮಚ ಈ ಮದ್ದಿಗೆ ಮಾತ್ರ. ಡಬ್ಬಿ ಬದಲಾದರೆ ಚಮಚ ಬದಲಾಗಬೇಕು. ಕಪ್ಪು ಮದ್ದಿನ ಚಮಚದಲ್ಲಿ ಹೊಗೆಯಿಲ್ಲದ ಮದ್ದು ತುಂಬಿ ಎಷ್ಟು ಜನ ಕೈ ಕಳೆದುಕೊಂಡಿದ್ದಾರೆ ಗೊತ್ತೇ?" ಅಂದರು.

ಹೊಗೆಯಿಲ್ಲದ ಮದ್ದು.

ನನಗೆ ಮೈ ಝುಂ ಅಂದಿತು. ಆ ರಾತ್ರಿ ಮಾಳದಲ್ಲಿ ಹೊಗೆ ಇರಲಿಲ್ಲ. ಅಜ್ಜ ಈಡು ಹೊಡೆದರೆ ಗದ್ದೆಯ ಮೇಲೆ ಮಂಜು ಇಳಿದ ಹಾಗೆ ಹೊಗೆ ನಿಲ್ಲುತ್ತಿತ್ತು, ಪಟಾಕಿಯ ವಾಸನೆ ಬಟ್ಟೆಗೆಲ್ಲ. ಅಂದು ಲಾಟೀನಿನ ಬೆಳಕಿನಲ್ಲಿ ಚಿಕ್ಕಜ್ಜನ ಕೈಯ ರಕ್ತ ಸ್ಪಷ್ಟವಾಗಿ ಕಂಡಿತ್ತು. ಎದುರಿಗೆ ಹೊಗೆಯ ಪರದೆ ಇರಲೇ ಇಲ್ಲ. ತೋಟೆ ಸೀಳಿದಾಗ ಉದುರಿದ ಮದ್ದೂ ಕಪ್ಪಗಿರಲಿಲ್ಲ, ತೌಡಿನ ಹಾಗೆ ಚೂರು ಚೂರು ಹಾಳೆ. ನಲವತ್ತೆಂಟು ವರ್ಷ ನನ್ನ ಕಣ್ಣೊಳಗೇ ಇದ್ದ ಸಾಕ್ಷಿ!

ಅಲ್ಲಿಂದ ಈ ಅಳತೆಯ ಚರಿತ್ರೆಯ ಹುಚ್ಚು ಹಿಡಿಯಿತು. ಓದಿದ್ದರಲ್ಲಿ ನಿಮಗೂ ಸ್ವಾರಸ್ಯ ಅನ್ನಿಸುವಷ್ಟು ಹೇಳುತ್ತೇನೆ.

ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕಪ್ಪು ಮದ್ದು ಮೊದಲು ಬರೀ ಹಿಟ್ಟು. ಗಾಡಿಯ ಕುಲುಕಾಟಕ್ಕೆ ಮೂರೂ ಬೇರೆ ಬೇರೆಯಾಗುತ್ತಿದ್ದವಂತೆ. ಒಂದು ಈಡಿನ ಹಾಗೆ ಇನ್ನೊಂದು ಹೇಗಾದೀತು? 15ನೇ ಶತಮಾನದ ಹೊತ್ತಿಗೆ ಯುರೋಪಿನಲ್ಲಿ ಅದನ್ನು ಒದ್ದೆ ಮಾಡಿ ಕಾಳು ಕಟ್ಟುವುದು ಕಲಿತರು. ಕಾಳಿನ ಗಾತ್ರ ಒಂದೇ ಆದರೆ ಉರಿಯುವ ವೇಗವೂ ಒಂದೇ. ಅಳತೆಯ ನಿಜವಾದ ಶುರು ಅಲ್ಲಿ. 17ನೇ ಶತಮಾನದ ಸಿಪಾಯಿಗಳು ಎದೆಯ ಪಟ್ಟಿಗೆ ಸಣ್ಣ ಸಣ್ಣ ಮರದ ಡಬ್ಬಿ ನೇತುಹಾಕಿಕೊಳ್ಳುತ್ತಿದ್ದರು, ಒಂದೊಂದರಲ್ಲೂ ಒಂದು ಈಡಿನ ಮದ್ದು. ಸಾಮಾನ್ಯವಾಗಿ ಹನ್ನೆರಡು ಇರುತ್ತಿದ್ದುದರಿಂದ ಅವಕ್ಕೆ ಯೇಸುವಿನ ಹನ್ನೆರಡು ಶಿಷ್ಯರ ಹೆಸರೇ ಬಂತು. ನಮ್ಮಜ್ಜನ ಕೊಳವೆಯ ಬಂಧುಗಳೇ ಅವು.

ಮದ್ದಿನ ಶಕ್ತಿಯನ್ನು ಲೆಕ್ಕಕ್ಕೆ ಹಿಡಿದವನು ಬೆಂಜಮಿನ್ ರಾಬಿನ್ಸ್. 1742ರಲ್ಲಿ ಬಂದ ಅವನ ಪುಸ್ತಕದಲ್ಲಿ ಒಂದು ಜಾಣ ಉಪಾಯವಿದೆ. ಭಾರದ ಮರದ ದಿಮ್ಮಿಯನ್ನು ಗಡಿಯಾರದ ಲೋಲಕದ ಹಾಗೆ ತೂಗುಹಾಕಿ ಅದಕ್ಕೆ ಗುಂಡು ಹೊಡೆಯುವುದು, ದಿಮ್ಮಿ ಎಷ್ಟು ತೂಗಿತು ನೋಡಿ ಗುಂಡಿನ ವೇಗ ಲೆಕ್ಕ ಹಾಕುವುದು. ಸೆಕೆಂಡಿಗೆ 1,600 ಅಡಿಗೂ ಹೆಚ್ಚು ಅಂತ ಸಿಕ್ಕಾಗ ಯುರೋಪು ಬೆರಗಾಯಿತು. ಗಣಿತಜ್ಞ ಆಯ್ಲರ್ ಆ ಪುಸ್ತಕವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದ. ಇನ್ನೊಂದು ಮಾತು ಚೆನ್ನೈ ಕಡೆಯ ಕನ್ನಡಿಗರಿಗೆ: ಈ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪೆನಿಯ ಎಂಜಿನಿಯರಾಗಿ ಬಂದು, ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ 1751ರಲ್ಲಿ ಜ್ವರದಿಂದ ಸತ್ತ.

ಮದ್ದಿನ ವಿಷಯದಲ್ಲಿ ನಮ್ಮವರೂ ದಡ್ಡರಾಗಿರಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕಬ್ಬಿಣದ ಕೊಳವೆಗೆ ಮದ್ದು ಜಡಿದು ರಾಕೆಟ್ ಹಾರಿಸಿತು. 2018ರಲ್ಲಿ ನಮ್ಮೂರಿನ ಹತ್ತಿರದ ನಗರದಲ್ಲಿ, ಅದೇ ಬಿದನೂರು ನಗರ, ಒಂದು ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ ಕೊಳವೆಗಳು ಸಿಕ್ಕಿದ್ದನ್ನು ಪೇಪರಿನಲ್ಲಿ ಓದಿರುತ್ತೀರಿ. ಬಾವಿಯ ಮಣ್ಣು ಇನ್ನೂ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ.

1857ರ ಕಥೆಯಲ್ಲಿ ನಾವೆಲ್ಲ ಹಂದಿ ದನದ ಕೊಬ್ಬಿನ ತೋಟೆಯ ಬಗ್ಗೆ ಶಾಲೆಯಲ್ಲಿ ಓದಿದ್ದೇವೆ. ಆ ಕಾಗದದ ತೋಟೆ ಯಾಕಿತ್ತು ಅಂತ ಯಾವ ಮೇಷ್ಟರೂ ಹೇಳಲಿಲ್ಲ. ಅದು ಅಳತೆಯ ಸಾಧನ. ಎನ್‌ಫೀಲ್ಡ್ ಕೋವಿಗೆ ಎರಡೂವರೆ ಡ್ರಾಮ್, ಅಂದರೆ 68 ಗ್ರೇನ್ ಮದ್ದು, ಕಾರ್ಖಾನೆಯಲ್ಲೇ ಅಳೆದು ಕಾಗದದಲ್ಲಿ ಸುತ್ತಿ ಇಡುತ್ತಿದ್ದರು. ಸಿಪಾಯಿ ಹಲ್ಲಿನಿಂದ ಕಚ್ಚಿ ಸುರಿದರೆ ಸಾಕು, ಭಯದಲ್ಲಿದ್ದರೂ ಅಳತೆ ತಪ್ಪದು. ಅಳತೆಯೇನೋ ತಪ್ಪಲಿಲ್ಲ, ಸುತ್ತಿದ ಕಾಗದದ ಗ್ರೀಸಿನಲ್ಲಿ ಏನಿದೆ ಅನ್ನೋ ಅನುಮಾನ ದೇಶಕ್ಕೇ ಬೆಂಕಿ ಹಚ್ಚಿತು.

ಈಗ ನಮ್ಮ ಕಥೆಗೆ ಬೇಕಾದ ಭಾಗ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ಮಾಡಿದ. 1887ರಲ್ಲಿ ನೊಬೆಲ್‌ನ ಬ್ಯಾಲಿಸ್ಟೈಟ್, 1889ರಲ್ಲಿ ಇಂಗ್ಲೆಂಡಿನ ಕಾರ್ಡೈಟ್. ನೀಲಗಿರಿಯ ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ ಇದರದೇ ಸಂತಾನ. ಅಷ್ಟೇ ತೂಕದ ಕಪ್ಪು ಮದ್ದಿಗಿಂತ ಇದಕ್ಕೆ ಸುಮಾರು ಮೂರು ಪಟ್ಟು ಶಕ್ತಿ. ಆದರೆ ಜನರ ಕೈಯಲ್ಲಿದ್ದುದು ಹಳೇ ಚಮಚ, ಹಳೇ ಅಭ್ಯಾಸ. ಅದಕ್ಕೇ ಕೆಲವು ಕಂಪೆನಿಗಳು ಹಗುರವಾದ, ಉಬ್ಬಿದ ಮದ್ದು ಮಾಡಿದವು. ಹಳೇ ಚಮಚದಲ್ಲಿ ತುಂಬಿದರೂ ಹಳೇ ಶಕ್ತಿಯೇ ಬರಲಿ ಅಂತ. ಬ್ಯಾಲಿಸ್ಟೈಟಿನಂಥ ಸಾಂದ್ರವಾದ ಮದ್ದು ಮಾತ್ರ ಹಾಗಲ್ಲ, ಅದನ್ನು ತೂಗಲೇಬೇಕು. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ. ಚಮಚ ಒಂದೇ, ಮದ್ದು ಎರಡು. ಹಾಗೆ ಒಡೆದ ಕೋವಿಗಳು, ಕಳೆದ ಬೆರಳುಗಳು ಬೇಕಾದಷ್ಟು.

ಆ ಗೊಂದಲದ ಗುರುತು ಇವತ್ತಿಗೂ ಅಮೆರಿಕದ ಚರೆ ತೋಟೆಯ ಪೆಟ್ಟಿಗೆಯ ಮೇಲಿದೆ. ಒಳಗಿರುವುದು ಹೊಗೆಯಿಲ್ಲದ ಮದ್ದಾದರೂ 'ಮೂರು ಡ್ರಾಮ್‌ಗೆ ಸಮ' ಅಂತ ಅಚ್ಚು ಹಾಕುತ್ತಾರೆ. ಮೂರು ಡ್ರಾಮ್ ಕಪ್ಪು ಮದ್ದು ಅಂದರೆ 82 ಗ್ರೇನ್. ಅದೇ ಕೆಲಸಕ್ಕೆ ಇಂದಿನ ಮದ್ದು ಅದರ ಕಾಲು ಭಾಗದ ಆಸುಪಾಸು ಸಾಕು. ಇದು ತೂಕದ ಮಾತಲ್ಲ, ಶಕ್ತಿಯ ಹೋಲಿಕೆ ಮಾತ್ರ.

ಮನೆಯಲ್ಲಿ ತೋಟೆ ತುಂಬುವವರ ಲೋಕವೂ ಆಗಲೇ ಬೆಳೆಯಿತು. 1884ರಲ್ಲಿ ಜಾನ್ ಬಾರ್ಲೋ ಎಂಬಾತ ಐಡಿಯಲ್ ಅನ್ನೋ ಕಂಪೆನಿ ಶುರುಮಾಡಿ ಕೈ ಉಪಕರಣಗಳನ್ನೂ, ಅಳತೆಗಳ ಕೈಪಿಡಿಯನ್ನೂ ಮಾರಿದ. 1925ರಲ್ಲಿ ಲೈಮನ್ ಕಂಪೆನಿ ಅದನ್ನು ಕೊಂಡಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರೂಸ್ ಹಾಡ್ಜ್‌ಡನ್ ಎಂಬಾತ ಸೈನ್ಯದಲ್ಲಿ ಉಳಿದ ಮದ್ದು ಕೊಂಡು ಹವ್ಯಾಸಿಗಳಿಗೆ ಸೋವಿಯಾಗಿ ಮಾರಿದ. 1958ರಲ್ಲಿ ರಿಚರ್ಡ್ ಲೀ ತನ್ನ ಮನೆಯ ಕಾರ್ಯಾಗಾರದಲ್ಲಿ ಬಡವರ ಕಿಟ್ ಮಾಡಿದ, ಅದರಲ್ಲಿ ಅಳತೆಗೆ ಒಂದು ಪುಟ್ಟ ಚಮಚ. ಕೈಪಿಡಿಗಳೆಲ್ಲ ಅಂದಿನಿಂದ ಇಂದಿನವರೆಗೆ ಕೂಗಿ ಹೇಳುವುದು ಒಂದೇ: ಅಳತೆಗಿಂತ ಮೊದಲು ಡಬ್ಬಿಯ ಚೀಟಿ ಓದು, ಒಂದು ಸಲಕ್ಕೆ ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ, ಹೆಸರಿಲ್ಲದ ಮದ್ದನ್ನು ಎಸೆ.

ನಮ್ಮ ಚಿಕ್ಕಜ್ಜನಿಗೆ ಯಾವ ಕೈಪಿಡಿ ಸಿಗಬೇಕಿತ್ತು? ರೈಟರು ಕೊಟ್ಟ ತೋಟೆಯ ಮೇಲೆ ಇಂಗ್ಲಿಷಿನಲ್ಲಿ ಏನು ಬರೆದಿತ್ತೋ, ಅವರು ಓದಿದ್ದು ಎರಡನೇ ಕ್ಲಾಸು.

ಪುಣೆಗೆ ವಾಪಸ್ಸಾದ ಮೇಲೆ ಊರಿಗೆ ಹೋದೆ. ಆ ವಾಟೆ ಕೊಳವೆ ಅಟ್ಟದ ಹಳೇ ಪೆಟ್ಟಿಗೆಯಲ್ಲಿತ್ತು, ಬಾಯಿ ಸ್ವಲ್ಪ ಗೆದ್ದಲು ತಿಂದಿತ್ತು ಅಷ್ಟೆ. ತಂದು ನೀರು ತುಂಬಿ ತೂಗಿದೆ. ಐದೂವರೆ ಗ್ರಾಮ್. ಕಪ್ಪು ಮದ್ದಿನ ಕಾಳು ಸುರಿದರೆ ತೂಕ ನೀರಿಗೆ ಹತ್ತಿರವೇ ಬರುತ್ತದೆ, ಅಂದರೆ ಸುಮಾರು 85 ಗ್ರೇನ್, ಮೂರು ಡ್ರಾಮ್‌ಗೆ ಒಂಚೂರು ಮೇಲೆ. ಡ್ರಾಮ್ ಅನ್ನೋ ಶಬ್ದವನ್ನೇ ಕೇಳದ ಅಜ್ಜ ಎಷ್ಟು ಸರಿಯಾಗಿ ಕೊಯ್ದಿದ್ದರು ನೋಡಿ!

ಆಮೇಲೆ ಚಿಕ್ಕಜ್ಜನ ಲೆಕ್ಕ ಮಾಡಿದೆ. ಹಾಳೆ ಮದ್ದು ಹಗುರ, ಆ ಕೊಳವೆ ತುಂಬಲು 40 ಗ್ರೇನ್ ದಾಟಿರಬೇಕು. ಎರಡು ತೋಟೆ ಸೀಳಬೇಕಾಯಿತಲ್ಲ, ಅದಕ್ಕೂ ಸರಿಹೋಗುತ್ತದೆ. ಎರಡು ತೋಟೆಯ ಮದ್ದು ಒಂದೇ ಈಡಿಗೆ! ಅದೂ ಕಪ್ಪು ಮದ್ದಿಗೆಂದೇ ಕಾಯಿಸಿ ಬಡಿದ ಹಳೇ ನಳಿಗೆಯಲ್ಲಿ. ಒಂದೇ ತೋಟೆಗೆ ನಿಲ್ಲಿಸಿ "ಸಾಕು ಬಿಡು" ಅಂದಿದ್ದರೂ ಆ ಕೋವಿಗೆ ಅದು ಸಲ್ಲದ ಮದ್ದೇ, ಆದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲವೇನೋ. ಅವಸರಗೇಡಿ ಅನ್ನಿಸಿಕೊಂಡ ಮನುಷ್ಯ, ಅಣ್ಣನ ಅಳತೆಗೆ ಒಂದು ಕಾಳೂ ಕಡಿಮೆ ಮಾಡಬಾರದು ಅಂತ ಎರಡನೆಯದನ್ನೂ ಸೀಳಿ ಕೈ ಕಳೆದುಕೊಂಡರು.

ಚಿಕ್ಕಜ್ಜನ ಮಗಳು, ನನಗೆ ಅತ್ತೆಯಾಗಬೇಕು, ಸಾಗರದಲ್ಲಿದ್ದಾರೆ. ಹೋಗಿ ಎಲ್ಲ ಹೇಳಿದೆ. ಗ್ರೇನು, ಡ್ರಾಮು ಅವರಿಗೆ ಏನು ತಿಳಿಯಿತೋ. ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅಪ್ಪಯ್ಯ ಅಳತೆ ತಪ್ಪಿರಲಿಲ್ಲ ಅಲ್ಲನಾ?" ಅಂದರು.

"ಇಲ್ಲ ಅತ್ತೆ. ಅಳತೆ ಸರಿಯಿತ್ತು. ಮದ್ದು ಬೇರೆಯಿತ್ತು."

"ದೊಡ್ಡಪ್ಪಯ್ಯ ಇದ್ದಾಗ್ಲೇ ಯಾರಾದ್ರೂ ಇದನ್ನ ಹೇಳಿದ್ರೆ ಆಗ್ತಿತ್ತು" ಅಂತ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಫಿ ತರಲು ಒಳಗೆ ಹೋದರು.

ಕೊಳವೆಯನ್ನು ಅವರಿಗೇ ಕೊಟ್ಟು ಬಂದೆ. ಈಗ ಅದು ಅವರ ದೇವರ ಗೂಡಿನ ಪಕ್ಕದಲ್ಲಿ, ಚಿಕ್ಕಜ್ಜನ ಫೋಟೋದ ಕೆಳಗಿದೆಯಂತೆ.

ನಿಮ್ಮ ಮನೆಗಳಲ್ಲೂ ಇಂಥ ತೀರ್ಪುಗಳು ಇರಬಹುದು, ಯಾರೋ ಒಬ್ಬರ ತಲೆಗೆ ಕಟ್ಟಿ ಮುಗಿಸಿದ್ದು. ಊರಿಗೆ ಹೋದಾಗ ಹಿರಿಯರನ್ನು ಇನ್ನೊಂದು ಸಲ ಕೂರಿಸಿಕೊಂಡು ಕೇಳಿ. ನನ್ನ ಹಾಗೆ ತಡ ಮಾಡಬೇಡಿ.